ಗೊಂಬೆಗೆ ಉಡಿಸಿದ ಸೀರೆ

ಕಳೆದ ನವರಾತ್ರಿಗೆ ಇನ್ನೂ ಒಂದೂವರೆ ತಿಂಗಳಿರುವಾಗ ಬೋಗಾದಿಯ ನಮ್ಮ ಮನೆಯಲ್ಲಿ ಒಂದು ಸಣ್ಣ ಪ್ರಶ್ನೆ ಹುಟ್ಟಿತು. ನಮ್ಮ ತಾಯಿಯವರಿಗೆ ಈಗ ೭೬ ವರ್ಷ. ಹಳೆಯ ಬಟ್ಟೆಯಿಂದ ಗೊಂಬೆ ಮಾಡುವುದು ಅವರಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಒಗೆದು ಒಗೆದು ಮೆತ್ತಗಾದ ಪಂಚೆಯನ್ನು ಕತ್ತರಿಸಿ ಮೈ ಹೊಲಿದು, ಬೂರುಗದ ಹತ್ತಿ ತುಂಬಿ, ಕತ್ತು ಬಾಗದಂತೆ ಒಳಗೊಂದು ಬಿದಿರುಕಡ್ಡಿಯಿಟ್ಟು, ಕಪ್ಪು ಉಲ್ಲನ್ನಿನಲ್ಲಿ ಜಡೆ ಹೆಣೆದು, ಕಣ್ಣು ಮೂಗುಗಳನ್ನು ಸೂಜಿಯಲ್ಲೇ ಬರೆದುಬಿಡುತ್ತಾರೆ. ಮೊಮ್ಮಗಳು ಶಾಲೆಯಲ್ಲಿ ಹೊಯ್ಸಳರ ಪಾಠ ಓದಿ ಬಂದವಳು, "ಅಜ್ಜಿ, ಈ ವರ್ಷ ಶಾಂತಲೆಯ ಗೊಂಬೆ ಮಾಡು" ಎಂದಳು. ಅಜ್ಜಿ ಒಪ್ಪಿದರು. ಮೈಯಾಯಿತು, ಮುಖವಾಯಿತು. ಆಮೇಲೆ ಸೂಜಿಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕೋಣೆಗೆ ಬಂದು ಕೇಳಿದರು: "ನೀನು ಎಂ.ಎ. ಮಾಡಿದವನು, ಕಾಲೇಜಿನಲ್ಲಿ ಹಳಗನ್ನಡ ಹೇಳುವವನು. ಶಾಂತಲೆಗೆ ಕುಪ್ಪಸ ಹೊಲೆಯಲೋ, ಬೇಡವೋ?"

ನನಗೆ ಉತ್ತರ ತೋಚಲಿಲ್ಲ. ನೋಡಿ ಹೇಳುತ್ತೇನೆ ಎಂದೆ. ನೋಡತೊಡಗಿದ ಮೇಲೆ ತಿಳಿಯಿತು, ಇದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲವೆಂದು.

ಬರೆಯುವವನಿಗೆ ಒಂದು ಅನುಕೂಲವುಂಟು. 'ರಾಣಿ ರೇಷ್ಮೆಯ ಸೀರೆಯುಟ್ಟು ಸಭೆಗೆ ಬಂದಳು' ಎಂದರೆ ವಾಕ್ಯವೂ ಮುಗಿಯಿತು, ಓದುವವರಿಗೆ ತೃಪ್ತಿಯೂ ಆಯಿತು. ಗೊಂಬೆ ಮಾಡುವವರನ್ನು ಗೊಂಬೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಸೀರೆ ಎಷ್ಟು ಮೊಳ? ನಿರಿಗೆ ಮುಂದಕ್ಕೋ ಹಿಂದಕ್ಕೋ? ಕಚ್ಚೆಯುಂಟೋ? ಸೆರಗು ಯಾವ ಹೆಗಲ ಮೇಲೆ? ಬಣ್ಣ ಯಾವುದು, ಆ ಬಣ್ಣ ಆ ಕಾಲಕ್ಕೆ ಇತ್ತೆ? ಒಂದೊಂದಕ್ಕೂ ಉತ್ತರ ಕೊಡದೆ ಸೂಜಿ ಮುಂದಕ್ಕೆ ಹೋಗುವುದಿಲ್ಲ. ನಮ್ಮ ಹಿಂದಿನ ಹೆಂಗಸರು ಏನು ಉಡುತ್ತಿದ್ದರೆಂಬುದನ್ನು ನಾವು ಎಷ್ಟು ಅರೆಮರೆಯಾಗಿ ಬಲ್ಲೆವೆಂಬುದು ಗೊತ್ತಾಗಬೇಕಾದರೆ, ಹದಿನೈದು ಅಂಗುಲದ ಒಂದು ಚಿಂದಿಗೊಂಬೆಗೆ ಉಡಿಸಹೊರಡಬೇಕು.

ಮೊದಲು ಕಲ್ಲನ್ನು ಕೇಳೋಣ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು ೧೧೧೭ರಲ್ಲಿ, ಶಾಂತಲೆಯ ಪತಿ ವಿಷ್ಣುವರ್ಧನನ ಕಾಲದಲ್ಲಿ. ಅಲ್ಲಿಯ ಮದನಿಕೆಯರಿಗಿಂತ ಸಮೀಪದ ಸಾಕ್ಷಿಗಳು ಯಾರಿದ್ದಾರು? ಆದರೆ ಶಿಲ್ಪಿ ಒಡವೆಯನ್ನು ಮಣಿ ಮಣಿಯಾಗಿ ಬಿಡಿಸಿದ್ದಾನೆ, ಬಟ್ಟೆಯನ್ನು ಬಹಳ ಕಡೆ ಒಂದೆರಡು ಗೆರೆಯಲ್ಲಿ ಮುಗಿಸಿದ್ದಾನೆ. ಸೊಂಟದ ಡಾಬು, ತೊಡೆಯ ಮೇಲೆ ಇಳಿಬಿದ್ದ ಮಣಿಸರಗಳು, ತೋಳಬಂದಿ, ಕಾಲಂದುಗೆ ಎಲ್ಲವೂ ಸ್ಪಷ್ಟ. ಅವುಗಳ ಕೆಳಗಿನ ವಸ್ತ್ರ ಎಲ್ಲಿ ತೊಡಗಿ ಎಲ್ಲಿ ಮುಗಿಯಿತೆಂದು ಹುಡುಕಬೇಕು. ಒಬ್ಬ ಮದನಿಕೆಯ ಬಟ್ಟೆಯನ್ನು ಕೋತಿಯೊಂದು ಹಿಡಿದೆಳೆಯುತ್ತಿದೆ. ಆ ಕೋತಿಗೆ ನಾನು ಕೃತಜ್ಞ. ಅದು ಎಳೆದದ್ದರಿಂದಲಾದರೂ ಅಲ್ಲಿ ಎಳೆಯತಕ್ಕಂಥ ಒಂದು ಬಟ್ಟೆಯಿತ್ತೆಂದು ನಿಸ್ಸಂದೇಹವಾಗಿ ತಿಳಿಯುತ್ತದೆ. ಆದರೆ ಈ ಸುಂದರಿಯರು ಕಂಬದ ತಲೆಯ ಮೇಲೆ ನಿಂತ ಕಲ್ಪನೆಯ ಹೆಂಗಸರು. ಇವರನ್ನು ನೋಡಿ ಹೊಯ್ಸಳರ ಕಾಲದ ಮನೆವಾರ್ತೆಯ ಹೆಂಗಸು ಹೀಗೆಯೇ ಇದ್ದಳೆನ್ನುವುದು ಇಂದಿನ ಸಿನಿಮಾ ನೋಡಿ ನಮ್ಮ ನೆರೆಮನೆಯವರ ಉಡುಪನ್ನು ನಿರ್ಣಯಿಸಿದಂತಾದೀತು.

ಹಾಗಾದರೆ ಹೊಲಿದ ಕುಪ್ಪಸವೇ ಇರಲಿಲ್ಲವೆ? ಇಲ್ಲಿ ನನ್ನ ವೃತ್ತಿಯ ಸಾಮಗ್ರಿಯಾದ ಪದಗಳು ಅಡ್ಡ ಬರುತ್ತವೆ. ಕುಪ್ಪಸ ಸಂಸ್ಕೃತದ ಕೂರ್ಪಾಸದಿಂದ ಬಂದ ಮಾತು. ಕೂರ್ಪಾಸವನ್ನು ಅಮರಕೋಶವೇ ಹೇಳುತ್ತದೆ. ಎಂದರೆ ಹೊಯ್ಸಳರಿಗಿಂತ ಎಷ್ಟೋ ಶತಮಾನ ಮೊದಲೇ ಹೆಸರೂ ಇತ್ತು, ವಸ್ತುವೂ ಇತ್ತು. ಅಜಂತೆಯ ಗುಹೆಗಳ ಚಿತ್ರಗಳಲ್ಲಿ ತೋಳುಳ್ಳ ರವಿಕೆ ತೊಟ್ಟ ಹೆಂಗಸರಿದ್ದಾರೆ. ವಿಚಿತ್ರವೇನೆಂದರೆ, ಅಲ್ಲಿ ಹೊಲಿದ ಬಟ್ಟೆ ಹೆಚ್ಚಾಗಿ ಕಾಣುವುದು ದಾಸಿಯರ ಮೇಲೆ, ನರ್ತಕಿಯರ ಮೇಲೆ. ರಾಣಿಗೆ ತೆಳುವಾದ ವಸ್ತ್ರ ಮತ್ತು ಒಡವೆ. ಇಂದು ನಾವು ಮರ್ಯಾದೆಯ ಗುರುತೆಂದು ತಿಳಿದಿರುವುದು ಅಂದು ಊಳಿಗದ ಗುರುತೂ ಆಗಿದ್ದಿರಬಹುದು. ಪದ ಇದ್ದ ಮಾತ್ರಕ್ಕೆ ಅದನ್ನು ಯಾರು ತೊಟ್ಟರೆಂದು ಗೊತ್ತಾಗುವುದಿಲ್ಲ.

ಸೀರೆ ಎಂಬ ಮಾತೂ ಹೀಗೆಯೇ ಮೋಸ ಮಾಡುತ್ತದೆ. ಹಳಗನ್ನಡದಲ್ಲಿ ಸೀರೆಯೆಂದರೆ ಸಾಮಾನ್ಯವಾಗಿ ಬಟ್ಟೆಯೆಂದೇ ಅರ್ಥ. ಗಂಡಸಿನ ಉಡುಗೆಯೂ ಸೀರೆಯೇ. ಪದ್ಯದಲ್ಲಿ ಸೀರೆ ಎಂದು ಓದಿದೊಡನೆ ನನ್ನ ವಿದ್ಯಾರ್ಥಿಗಳ ಕಣ್ಣೆದುರು ಅಂಗಡಿಯ ಗಾಜಿನ ಹಿಂದೆ ನಿಂತ ಬೊಂಬೆಯ ಸೀರೆ ಬಂದು ನಿಲ್ಲುತ್ತದೆ. ಸುಳ್ಳೇಕೆ, ನನಗೂ ಬರುತ್ತಿತ್ತು. ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ವಸ್ತ್ರಗಳಿಗೆಂದೇ ಒಂದು ಭಾಗವನ್ನು ಮೀಸಲಿಟ್ಟ. ಹತ್ತಿ, ರೇಷ್ಮೆ, ಉಣ್ಣೆಗಳ ಮಾತು ಅಲ್ಲಿದೆ; ಚೋಳ, ವಂಗ, ಕಳಿಂಗ, ಮಹಾಚೀನಗಳಿಂದ ಬಂದ ಬಟ್ಟೆಗಳಿವೆ; ಯಾವ ಋತುವಿಗೆ ಯಾವುದೆಂಬ ವಿಚಾರವಿದೆ. ಆದರೆ ಅದು ದೊರೆಯ ಭೋಗದ ಪಟ್ಟಿ. ಶಾಂತಲೆಯ ವಿಷಯಕ್ಕೆ ಬಂದರೆ, ಶ್ರವಣಬೆಳಗೊಳದಲ್ಲಿ ೧೧೨೩ರಲ್ಲಿ ಅವಳು ಕಟ್ಟಿಸಿದ ಸವತಿಗಂಧವಾರಣ ಬಸದಿ ಇಂದಿಗೂ ನಿಂತಿದೆ. ಶಾಸನಗಳು ಅವಳ ಗೀತ ವಾದ್ಯ ನೃತ್ಯಗಳನ್ನು ಹೊಗಳುತ್ತವೆ. ಉಟ್ಟ ಬಟ್ಟೆಯ ಮೊಳ ಎಣಿಸುವುದು ಶಾಸನದ ಕೆಲಸವಲ್ಲ.

ನಾಲ್ಕು ಶತಮಾನ ಈಚೆಗೆ ಬಂದರೆ ಬಣ್ಣ ಸಿಕ್ಕುತ್ತದೆ. ಕರ್ನಾಟಕದ ಗಡಿಯಾಚೆಗೆ, ಇಂದಿನ ಆಂಧ್ರದಲ್ಲಿರುವ ಲೇಪಾಕ್ಷಿಯ ವೀರಭದ್ರ ದೇವಾಲಯದ ಮಾಳಿಗೆಯ ಚಿತ್ರಗಳು ವಿಜಯನಗರದ ಅಚ್ಯುತರಾಯನ ಕಾಲದವು. ಅಲ್ಲಿಯ ಹೆಂಗಸರ ಸೀರೆಗಳಲ್ಲಿ ಪಟ್ಟೆಗಳಿವೆ, ಚೌಕಳಿಗಳಿವೆ, ಹೂಗಳಿವೆ, ಅಂಚು ಬೇರೆ ಮೈ ಬೇರೆಯೆಂದು ಕಾಣುತ್ತದೆ. ತುರುಬು ಒಂದು ಮಗ್ಗುಲಿಗೆ ದೊಡ್ಡದಾಗಿ ಕುಳಿತಿದೆ. ನೇಕಾರರು ಇಂದಿಗೂ ಆ ಚಿತ್ತಾರಗಳನ್ನು ನೋಡಿ ಸೀರೆ ನೇಯುತ್ತಾರೆ. ಇದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, ೧೫೨೦ರ ಸುಮಾರಿನಲ್ಲಿ, ಪೋರ್ತುಗೀಸರ ಡೊಮಿಂಗೊ ಪಾಯೆಸ್ ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡ. ಅಂತಃಪುರದ ಕೆಲವು ಹೆಂಗಸರು ಹೊತ್ತ ಚಿನ್ನದ ಭಾರಕ್ಕೆ ನಡೆಯಲಾರದೆ ಇತರರು ಅವರ ತೋಳು ಹಿಡಿದು ನಡೆಸುತ್ತಿದ್ದರೆಂದೂ, ತಲೆಗೆ ಮುತ್ತಿನ ಹೂಗಳಿದ್ದ ಎತ್ತರದ ಕುಲಾವಿ ಇಟ್ಟಿದ್ದರೆಂದೂ ಅವನು ಬರೆದಿಟ್ಟಿದ್ದಾನೆ. ಹೆಂಗಸಿನ ತಲೆಗೆ ಕುಲಾವಿ! ನಮ್ಮ ಎಷ್ಟು ನಾಟಕಗಳಲ್ಲಿ, ಎಷ್ಟು ಚಲನಚಿತ್ರಗಳಲ್ಲಿ ವಿಜಯನಗರದ ರಾಣಿವಾಸದವರು ಹೀಗೆ ಬಂದಿದ್ದಾರೆ, ವಾಚಕರೇ ಹೇಳಲಿ.

ಆ ಮಹಾನವಮಿಯೇ ೧೬೧೦ರಲ್ಲಿ ರಾಜ ಒಡೆಯರಿಂದ ಶ್ರೀರಂಗಪಟ್ಟಣದಲ್ಲಿ ಮೊದಲಾಗಿ ಮುಂದೆ ಮೈಸೂರಿನ ದಸರೆಯಾಯಿತು. ೧೬೪೮ರ ಗೋವಿಂದವೈದ್ಯನ 'ಕಂಠೀರವ ನರಸರಾಜ ವಿಜಯ' ಆ ಉತ್ಸವವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಮನೆಮನೆಯ ಗೊಂಬೆ ಕೂರಿಸುವ ಹಬ್ಬವೂ ಈ ಒಂಬತ್ತು ದಿನಗಳದೇ.

ಮೈಸೂರಿನ ಹೆಂಗಸರ ಉಡುಪಿನ ವಿಚಾರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಒಂದು ತೈಲಚಿತ್ರ. ಐರ್ಲೆಂಡಿನ ಥಾಮಸ್ ಹಿಕ್ಕಿ ೧೮೦೫ರ ಸುಮಾರಿನಲ್ಲಿ ಬರೆದದ್ದು. ಮೂವರು ಹೆಂಗಸರು ನಿಂತಿದ್ದಾರೆ. ಬಹುಕಾಲ ಅವರನ್ನು ನರ್ತಕಿಯರೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ೨೦೦೧ರಲ್ಲಿ ಅವರು ಮೈಸೂರು ಅರಮನೆಯ ರಾಣಿಯರೆಂದು ವಾದಿಸಿದರು. ಅವರ ಆಧಾರಗಳಲ್ಲಿ ಮುಖ್ಯವಾದದ್ದು ಉಡುಗೆ ಮತ್ತು ತಲೆಯ ಆಭರಣ. ಬಲಗಡೆ ನಿಂತ ಎಳೆಯ ರಾಣಿ ಸೆರಗಿನ ಮರೆಯಲ್ಲಿರಬೇಕಾದ ಎಡದ ತೋಳನ್ನು ತೆರೆದು ತೋರುತ್ತಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ತೋಳಿನಲ್ಲಿ ತೋರುತ್ತಿರುವುದು ಸಿಡುಬಿಗೆ ಹೊಸದಾಗಿ ಹಾಕಿಸಿಕೊಂಡ ದೇವಿಯ ಜಾಗ. ಜನ್ನರ್ ಕಂಡುಹಿಡಿದ ಆ ಹೊಸ ಮದ್ದು ಹಿಂದೂಸ್ಥಾನಕ್ಕೆ ಬಂದದ್ದು ೧೮೦೨ರಲ್ಲಿ, ಜನ ಅಂಜುತ್ತಿದ್ದರು, ರಾಣಿಯೇ ಹಾಕಿಸಿಕೊಂಡಿದ್ದಾರೆಂದು ತೋರಿಸಲು ಬರೆಸಿದ ಚಿತ್ರವಿದು ಎಂಬುದು ಅವರ ಅಭಿಪ್ರಾಯ. ಸೆರಗು ಇರಬೇಕಾದ ಕಡೆ ಇಲ್ಲ ಎಂಬುದನ್ನು ಗಮನಿಸಿದವರಿಗೆ ಒಂದು ಚರಿತ್ರೆಯೇ ತೆರೆಯಿತು. ಗಮನಿಸದವರಿಗೆ ಅವರು ಬರಿಯ ಕುಣಿಯುವವರಾಗಿದ್ದರು. ಉಡುಪನ್ನು ಓದಲು ಬಾರದೆ ಹೋದರೆ ಮನುಷ್ಯರನ್ನೇ ತಪ್ಪಾಗಿ ಓದಿಬಿಡುತ್ತೇವೆ.

ಇಂದು ನಾವು ಸೀರೆಯೆಂದು ಬಲ್ಲ ರೂಪ, ಒಳಗೆ ಲಂಗ, ಮೇಲೆ ರವಿಕೆ, ಮುಂದೆ ನಿರಿಗೆ, ಎಡಹೆಗಲಿಗೆ ಸೆರಗು, ಬಹಳ ಹಳೆಯದೇನಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರವೀಂದ್ರರ ಅತ್ತಿಗೆ ಜ್ಞಾನದಾನಂದಿನೀ ದೇವಿಯವರು ಬೊಂಬಾಯಿಯ ಪಾರ್ಸಿ ಹೆಂಗಸರನ್ನು ನೋಡಿ ಬಂಗಾಳದಲ್ಲಿ ರೂಢಿಗೆ ತಂದ ಉಡಿಗೆ ಇದಕ್ಕೆ ಒಂದು ಮೂಲ. ರವಿವರ್ಮನ ಚಿತ್ರಗಳು ೧೮೯೪ರಿಂದ ಅವನದೇ ಮುದ್ರಣಾಲಯದಲ್ಲಿ ಅಚ್ಚಾಗಿ ಮನೆಮನೆಯ ಗೋಡೆ ಸೇರಿದ ಮೇಲೆ ಸರಸ್ವತಿ, ದಮಯಂತಿ, ಶಕುಂತಲೆ ಎಲ್ಲರೂ ನಮ್ಮ ಅಜ್ಜಿಯರ ಕಾಲದ ಸೀರೆಯಲ್ಲೇ ನಿಂತರು. ಕರ್ನಾಟಕದೊಳಗೇ ನೋಡಿದರೂ ಕೊಡಗಿನವರ ನಿರಿಗೆ ಹಿಂದಕ್ಕೆ. ಕಚ್ಚೆ ಹಾಕುವವರ ೧೮ ಮೊಳ ಬೇರೆ. ಇಳಕಲ್ಲಿನ ಸೀರೆಗೆ ಸೆರಗನ್ನು ಮಗ್ಗದ ಮೇಲೆಯೇ ಕೊಂಡಿ ಹಾಕಿ ಸೇರಿಸುವ ಬಗೆ ಬೇರೆ. ಅದರ ಮೇಲೆ ತೊಡುವ ಗುಳೇದಗುಡ್ಡದ ಖಣ ಬೇರೆ. ಇದನ್ನೆಲ್ಲ 'ಸೀರೆ' ಎಂಬ ಒಂದೇ ಗಂಟಿಗೆ ಕಟ್ಟುವುದು ಅನ್ಯಾಯ.

ಬಟ್ಟೆಗೂ ಬಣ್ಣಕ್ಕೂ ಅವವೇ ತಾರೀಖುಗಳಿವೆ. ಮೈಸೂರು ಸೀಮೆಯಲ್ಲಿ ರೇಷ್ಮೆಯ ಸಾಕಣೆಗೆ ಒತ್ತಾಸೆ ದೊರೆತದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. ನಾವು ಮೈಸೂರು ಸಿಲ್ಕ್ ಎನ್ನುವ ಸೀರೆಗೆ ಕಾರಣವಾದ ಸರ್ಕಾರಿ ಕಾರ್ಖಾನೆಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೨ರಲ್ಲಿ ಸ್ವಿಟ್ಜರ್‌ಲೆಂಡಿನ ಮಗ್ಗಗಳನ್ನು ತರಿಸಿ ಸ್ಥಾಪಿಸಿದರು. ಆದಕಾರಣ ರಾಣಿ ಲಕ್ಷ್ಮಮ್ಮಣ್ಣಿಯವರ ಗೊಂಬೆಗೆ ಅದರ ತುಂಡನ್ನು ಉಡಿಸಿದರೆ ನೂರು ವರ್ಷ ಮುಂದಿನ ಸೀರೆಯನ್ನು ಉಡಿಸಿದಂತೆ. ಹಾಗೆಯೇ ಈ ಕಣ್ಣು ಕುಕ್ಕುವ ಗುಲಾಬಿ, ನೇರಳೆಗಳು ಇಂಗ್ಲೆಂಡಿನ ಪರ್ಕಿನ್ ೧೮೫೬ರಲ್ಲಿ ರಾಸಾಯನಿಕ ಬಣ್ಣ ಮಾಡಿದ ಅನಂತರ ಬಂದವು. ಅದಕ್ಕೂ ಮೊದಲು ನಮ್ಮ ಬಣ್ಣಗಾರರ ಕೈಯಲ್ಲಿದ್ದದ್ದು ನೀಲಿಗಿಡ, ಅರಗು, ಅರಿಶಿನ, ಬೇರು, ತೊಗಟೆ. ಫ್ರಾನ್ಸಿಸ್ ಬುಕಾನನ್ ೧೮೦೦ರಲ್ಲಿ ಬೆಂಗಳೂರಿನ ನೇಕಾರರ ಕೇರಿಗಳಲ್ಲಿ ತಿರುಗಿ, ಯಾವ ಕುಲದವರು ಯಾವ ಬಟ್ಟೆ ನೇಯುವರು, ಹೇಗೆ ಬಣ್ಣ ಹಾಕುವರು ಎಂದು ಬರೆದಿಟ್ಟುಕೊಂಡ. ಹಳೆಯ ಕಾಲದ ಗೊಂಬೆ ಮಾಡುವವರಿಗೆ ಅವನ ಪುಸ್ತಕ ಪಂಚಾಂಗವಿದ್ದಂತೆ.

ಇಷ್ಟು ತಿಳಿದುಕೊಂಡು ತಾಯಿಯವರ ಬಳಿ ಹೋದರೆ ಅವರಿಗೆ ಬೇರೆ ತೊಂದರೆ. ೫ ಅಡಿಯ ಹೆಂಗಸಿಗೆ ೧೫ ಅಂಗುಲದ ಗೊಂಬೆಯೆಂದರೆ ಕಾಲು ಪಾಲು. ೧೮ ಮೊಳದ ಸೀರೆ ನಾಲ್ಕೂವರೆ ಮೊಳವಾಗಬೇಕು. ೪೮ ಅಂಗುಲದ ಅಗಲ ೧೨ ಅಂಗುಲವಾಗಬೇಕು. ೪ ಅಂಗುಲದ ಅಂಚು ಒಂದೇ ಅಂಗುಲ. ಲೆಕ್ಕ ಸರಿ. ಆದರೆ ನೂಲು ಮಾತ್ರ ಕಾಲು ಪಾಲು ಆಗುವುದಿಲ್ಲವಲ್ಲ! ನಾಲ್ಕೂವರೆ ಮೊಳವನ್ನೂ ಸುತ್ತಿದರೆ ಗೊಂಬೆಯ ಸೊಂಟ ಹುಲ್ಲಿನ ಮೆದೆಯಾಗುತ್ತದೆ, ನಿರಿಗೆ ರಟ್ಟಿನಂತೆ ಸೆಟೆದು ನಿಲ್ಲುತ್ತದೆ. ಅದಕ್ಕೆ ಅವರು ಸವೆದ ಮಲ್ಲಿನ ಬಟ್ಟೆಯನ್ನೇ ಆರಿಸುತ್ತಾರೆ. ಕಾಣದ ಕಡೆ ಒಳಸುತ್ತನ್ನು ಕತ್ತರಿಸಿ ತೆಗೆಯುತ್ತಾರೆ. ನಿರಿಗೆಗಳನ್ನು ಒದ್ದೆಮಾಡಿ, ದಾರದಲ್ಲಿ ಬಿಗಿದು, ಒಂದು ರಾತ್ರಿ ಒಣಗಲು ಬಿಡುತ್ತಾರೆ. "ಇದು ಸುಳ್ಳಲ್ಲವೇನಮ್ಮ, ಒಳಗೆ ಕತ್ತರಿಸುವುದು?" ಎಂದೆ. "ನೋಡುವವರ ಕಣ್ಣಿಗೆ ಸರಿಯಾಗಿರಬೇಕು ಕಣೋ. ಎಲ್ಲಿ ಕತ್ತರಿಸಿದೆ ಅನ್ನೋದು ಮಾಡಿದವರಿಗೆ ಮರೆಯಬಾರದು, ಅಷ್ಟೆ" ಎಂದರು. ಚರಿತ್ರೆ ಬರೆಯುವವರೂ ಈ ಮಾತನ್ನು ನೆನಪಿನಲ್ಲಿಡಬಹುದು.

ಬಟ್ಟೆಯ ಗೊಂಬೆ ಮಕ್ಕಳಾಟವೆಂದು ತಳ್ಳಿಹಾಕುವವರು ಲೋಕದ ಕಡೆ ಸ್ವಲ್ಪ ನೋಡಬೇಕು. ರೋಮನರ ಆಳ್ವಿಕೆಯ ಐಗುಪ್ತದಲ್ಲಿ ಯಾವುದೋ ಮಗು ಆಡಿದ, ನಾರುಬಟ್ಟೆಯಲ್ಲಿ ಹೊಲಿದು ಚಿಂದಿ ತುಂಬಿದ ಗೊಂಬೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಛಾಯಾಚಿತ್ರವಿಲ್ಲದ ಹದಿನೆಂಟನೆಯ ಶತಮಾನದಲ್ಲಿ ಪ್ಯಾರಿಸ್ಸಿನ ದರ್ಜಿಗಳು ಹೊಸ ಉಡುಪನ್ನು ಗೊಂಬೆಗೆ ತೊಡಿಸಿ ಪರರಾಜ್ಯದ ಆಸ್ಥಾನಗಳಿಗೆ ಕಳಿಸುತ್ತಿದ್ದರು. ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದ ೧೯೪೫ರಲ್ಲಿ, ಬಟ್ಟೆಗೆ ಬರವಿದ್ದಾಗ, ಅದೇ ಊರಿನ ದರ್ಜಿಗಳು ತಂತಿಯ ಮೈಯುಳ್ಳ ಇನ್ನೂರಕ್ಕೂ ಹೆಚ್ಚು ಗೊಂಬೆಗಳಿಗೆ ಉಡಿಸಿ ಪ್ರದರ್ಶನವಿಟ್ಟರು; ಮನುಷ್ಯನ ಮೂರರಲ್ಲೊಂದು ಎತ್ತರದ ಆ ಗೊಂಬೆಗಳು ಇಂದು ಅಮೆರಿಕದ ಮೇರಿಹಿಲ್ ಎಂಬಲ್ಲಿಯ ವಸ್ತುಸಂಗ್ರಹಾಲಯದಲ್ಲಿವೆ. ನಮ್ಮ ದೇಶದಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ೧೯೬೫ರಲ್ಲಿ ದೆಹಲಿಯಲ್ಲಿ ಗೊಂಬೆಗಳ ಸಂಗ್ರಹಾಲಯ ತೆರೆದು, ಪ್ರಾಂತಪ್ರಾಂತದ ಉಡುಪು ತೊಟ್ಟ ಗೊಂಬೆಗಳನ್ನು ಮಾಡಿಸಲು ಕಾರ್ಯಾಗಾರವನ್ನೂ ನಡೆಸಿದರು.

ಮೈಸೂರಿಗೆ ಇದೆಲ್ಲ ಹೊಸದಲ್ಲ. ಅರಮನೆಯ ಗೊಂಬೆ ತೊಟ್ಟಿಯನ್ನು ನೋಡದ ಯಾತ್ರಿಕನಿಲ್ಲ. ಬೋಗಾದಿಯಿಂದ ಪಟ್ಟಣದ ಕಡೆಗೆ ಹೊರಟರೆ ಸಿಕ್ಕುವ ಮಾನಸಗಂಗೋತ್ರಿಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮನೆಯಾಗಿದ್ದ ಜಯಲಕ್ಷ್ಮೀ ವಿಲಾಸದಲ್ಲಿ, ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಹುಟ್ಟಿತು. ಹಳ್ಳಿಯ ಮೊರ, ಒನಕೆ, ತೊಗಲುಗೊಂಬೆಗಳು ಅರಮನೆಯ ತೊಲೆಗಳ ಕೆಳಗೆ ಬಂದು ಕುಳಿತವು. ಸಾಮಾನ್ಯರ ವಸ್ತುಗಳೂ ಚರಿತ್ರೆಯೆಂದು ಒಪ್ಪಿಕೊಂಡ ದೊಡ್ಡ ಕೆಲಸವದು. ಮಡಕೆಯೂ ಮೊರವೂ ಹಾಗೆ ಉಳಿದವು. ಆದರೆ ಬಡವರ ಮನೆಯ ಸೀರೆ ಉಳಿಯುವುದಿಲ್ಲ. ಅದು ಮೊದಲು ತೊಟ್ಟಿಲಿಗೆ, ಆಮೇಲೆ ಕೌದಿಗೆ, ಕೊನೆಗೆ ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಗೆ ಹೋಗಿ ಮುಗಿಯುತ್ತದೆ.

ಉಳ್ಳವರ ಸೀರೆಯಾದರೂ ಉಳಿಯಿತೆ? ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನನಗೆ ಆಗ ಹತ್ತು ವರ್ಷ. ಹಳೆಯ ಜರಿ ಕೊಳ್ಳುವವನೊಬ್ಬ ಬೀದಿಯಲ್ಲಿ ಕೂಗುತ್ತ ಹೋದ. ಓಡಿಹೋಗಿ ಅವನನ್ನು ಕರೆತಂದವನು ನಾನೇ. ನಮ್ಮ ತಂದೆಯ ತಾಯಿಯ ಮದುವೆಯ ಸೀರೆ, ಮಡಿಕೆಗಳಲ್ಲಿ ಬಿರಿದುಹೋದದ್ದು, ಪೆಟ್ಟಿಗೆಯ ತಳದಲ್ಲಿತ್ತು. ತಕ್ಕಡಿಯಲ್ಲಿಟ್ಟು ತೂಗಿದ, ಹಣ ಎಣಿಸಿದ. ರೇಷ್ಮೆಯನ್ನು ಸುಟ್ಟರೆ ಬೆಳ್ಳಿ ನಿಲ್ಲುತ್ತದೆಂದು ನನಗೆ ಅವನೇ ವಿವರಿಸಿದ. ಆ ದುಡ್ಡಿನಲ್ಲಿ ನನಗೊಂದು ಕಂಪಾಸುಪೆಟ್ಟಿಗೆ ಬಂತು. ಅಜ್ಜಿ ಏನೂ ಅನ್ನಲಿಲ್ಲ. ಇಂದು ಆ ಕಾಲದ ಸೀರೆಯ ಉದ್ದವೆಷ್ಟು, ನೇಯ್ಗೆ ಯಾವುದು, ಸೆರಗಿನಲ್ಲಿ ಏನಿತ್ತು ಎಂದು ಪುಸ್ತಕ ಹುಡುಕುತ್ತ ಕುಳಿತಿದ್ದೇನೆ. ನಮ್ಮ ಮನೆಯಲ್ಲೇ ಇದ್ದ ಗ್ರಂಥವನ್ನು ಕೈಯಾರೆ ಬೆಂಕಿಗೆ ಕೊಟ್ಟವನು ನಾನು.

ತಾಯಿಯವರಿಗೆ ಇದನ್ನು ಹೇಳಿದಾಗ ಅವರು ಅಟ್ಟದಿಂದ ಪಟ್ಟದ ಗೊಂಬೆಗಳ ಪೆಟ್ಟಿಗೆಯನ್ನು ಇಳಿಸಲು ಹೇಳಿದರು. ಮದುವೆಯಲ್ಲಿ ಹೆಣ್ಣಿಗೆ ರಕ್ತಚಂದನದ ಗಂಡು ಹೆಣ್ಣು ಗೊಂಬೆಗಳ ಜೋಡಿ ಕೊಡುವುದು ಮೈಸೂರು ಸೀಮೆಯ ಪದ್ಧತಿಯಷ್ಟೆ. ವರ್ಷವರ್ಷವೂ ಅವಕ್ಕೆ ಹೊಸದಾಗಿ ಉಡಿಸಿ ಪಾಡ್ಯದ ದಿನ ಕೂರಿಸುತ್ತಾರೆ. ಅಜ್ಜಿಯ ಜೋಡಿಯಲ್ಲಿ ಹೆಣ್ಣುಗೊಂಬೆಯ ಮೇಲಿನ ಸೀರೆಗಳನ್ನು ತಾಯಿಯವರು ಒಂದೊಂದಾಗಿ ಬಿಚ್ಚಿದರು. ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಉಡಿಸುವುದು ಅಜ್ಜಿಯ ಅಭ್ಯಾಸವಾಗಿತ್ತಂತೆ. ಮೇಲಿನದು ನನ್ನ ತಂಗಿಯ ಲಂಗದ ತುಂಡು. ಅದರ ಕೆಳಗೆ ತಾಯಿಯವರ ಸೀರೆಯದು. ಎಲ್ಲಕ್ಕೂ ಒಳಗೆ, ಮರಕ್ಕೆ ಅಂಟಿಕೊಂಡಂತೆ, ಒಂದು ಗೇಣು ಅಗಲದ ಕೆಂಪು ರೇಷ್ಮೆ, ರುದ್ರಾಕ್ಷಿಯ ಅಂಚು. "ಇದೇ ಕಣೋ, ನಮ್ಮ ಅತ್ತೆಯವರ ಮದುವೆ ಸೀರೆ" ಎಂದರು.

ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟದ್ದು ಹೋಗಿತ್ತು. ಆಟದ ಗೊಂಬೆಗೆ ಉಡಿಸಿದ್ದು ಉಳಿದಿತ್ತು. ಮೂರು ತಲೆಮಾರಿನ ಹೆಂಗಸರ ಬಟ್ಟೆ, ಹಿಂದಿನದು ಒಳಗೆ, ಈಚಿನದು ಹೊರಗೆ. ಯಾವ ಪಂಡಿತನೂ ಇದಕ್ಕಿಂತ ಸರಿಯಾಗಿ ಕಾಲಾನುಕ್ರಮ ಹಚ್ಚಲಾರ. ಹೆಂಗಸರು ತಮ್ಮ ಉಡುಪಿನ ಚರಿತ್ರೆಯನ್ನು ತಾವೇ ಬರೆದಿಟ್ಟಿದ್ದಾರೆ. ನಾವು ಅದನ್ನು ಅಟ್ಟದ ಮೇಲೆ ಮರೆತಿದ್ದೇವೆ, ಅಷ್ಟೆ. ವಾಚಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯ ಗೊಂಬೆಗಳ ಬಟ್ಟೆ ಮಾಸಿತೆಂದು ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಅದು ಯಾರ ಸೀರೆ, ಎಲ್ಲಿ ಕೊಂಡದ್ದು, ಯಾವ ವರ್ಷದ್ದು ಎಂದು ಹಿರಿಯರನ್ನು ಕೇಳಿ, ಒಂದು ಚೀಟಿ ಬರೆದು ಒಳಗೆ ಹೊಲಿದಿಡಿ. ಹೊಸ ಗೊಂಬೆ ಮಾಡಿದರೂ ಹಾಗೆಯೇ.

ಶಾಂತಲೆಯ ಕುಪ್ಪಸದ ವಿಷಯ ಹೇಳದೆ ಬಿಟ್ಟೆ. ಎರಡಕ್ಕೂ ಆಧಾರ ತೋರಿಸಬಹುದು, ನಿಶ್ಚಯವಾಗಿ ಹೇಳಲಾರೆ ಎಂದು ಕೊನೆಗೆ ತಾಯಿಯವರಿಗೆ ಒಪ್ಪಿಸಿದೆ. ಅವರು ಕುಪ್ಪಸ ಹೊಲೆಯಲಿಲ್ಲ. ಕಲ್ಲಿನಲ್ಲಿ ಕಂಡಂತೆ ಕೊರಳ ತುಂಬ ಮಣಿಸರ ಹಾಕಿ, ಮೇಲೊಂದು ತೆಳುವಾದ ಮಲ್ಲಿನ ವಸ್ತ್ರ ಹೊದಿಸಿದರು. ಆಮೇಲೆ ಯಾರೂ ಕೇಳದೆಯೇ ಇನ್ನೊಂದು ಗೊಂಬೆ ಮಾಡಿದರು: ಬಿಳಿಗೂದಲು, ಸ್ವಲ್ಪ ಬಾಗಿದ ಬೆನ್ನು, ಕಚ್ಚೆ ಹಾಕಿ ಉಟ್ಟ ಸೀರೆ. ನಮ್ಮ ಅಜ್ಜಿ. ಎರಡರ ಚೀಟಿಯನ್ನೂ ನನ್ನಿಂದಲೇ ಬರೆಸಿದರು. ಶಾಂತಲೆಯ ಚೀಟಿಯಲ್ಲಿ "ಇದು ಊಹೆ" ಎಂದು ಬರೆಯಲು ಹೇಳಿದರು. ಅಜ್ಜಿಯದರಲ್ಲಿ "ಇದು ನಾನು ಕಂಡದ್ದು" ಎಂದು.